ಕಾದಂಬರಿಯ ಆರಂಭ ಪ್ರಕರಣ: ಒಂದು ವಿವೇಚನೆ

ಬೆಂಗಳೂರಿನ ಬಸವನಗುಡಿಗೆ ಆ ಹೆಸರು ಬಂದುದು ಗುಡ್ಡದ ಮೇಲಣ ದೊಡ್ಡ ಬಸವಣ್ಣನ ದೇವಾಲಯದಿಂದ. ಏಕಶಿಲೆಯಲ್ಲಿ ಕಡೆದ ಆ ನಂದಿಯ ಸನ್ನಿಧಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಪರಿಷೆಗೆ ಬಂದ ಭಕ್ತನಿಗೆ ಅಲ್ಲಿ ಮಲಗಿರುವ ಬಸವ ಕೈಲಾಸದ ನಂದಿ. ಕಲ್ಯಾಣದ ಬಸವಣ್ಣನೂ ಆ ನಂದಿಯ ಅವತಾರವೇ. ಕಲ್ಲಿನ ಬಸವನನ್ನೂ ಚರಿತ್ರೆಯ ಬಸವಣ್ಣನನ್ನೂ ಒಂದೇ ಹೆಸರಿನಲ್ಲಿ ಕಾಣುವ ಈ ಅಭ್ಯಾಸವನ್ನು ಜನಮನದಲ್ಲಿ ನೆಲೆಗೊಳಿಸಿದುದರಲ್ಲಿ ಪುರಾಣಕವಿಗಳ ಪಾಲು ದೊಡ್ಡದು. ಭೀಮಕವಿ ೧೩೬೯ರಲ್ಲಿ ರಚಿಸಿದ ಬಸವಪುರಾಣವಾಗಲಿ, ಅದಕ್ಕೆ ಮೂಲವಾದ ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯಾಗಲಿ, ಬಸವಣ್ಣನ ಕಥೆಯನ್ನು ಬಾಗೇವಾಡಿಯಲ್ಲಿ ಆರಂಭಿಸುವುದಿಲ್ಲ. ಭೂಲೋಕದ ವೃತ್ತಾಂತವನ್ನು ಹೊತ್ತು ನಾರದನು ಕೈಲಾಸಕ್ಕೆ ಬರುತ್ತಾನೆ. ಶಿವನು ಶಿವಭಕ್ತಿಯ ಪುನರುದ್ಧಾರಕ್ಕಾಗಿ ನಂದಿಯನ್ನು ಮರ್ತ್ಯಕ್ಕೆ ಕಳುಹಿಸುತ್ತಾನೆ. ಮಾದರಸ ಮಾದಲಾಂಬೆಯರ ಮನೆ ಆಮೇಲಿನ ಮಾತು. ಕಥೆಯ ಕಾರಣ ಮೇಲಿನ ಲೋಕದಲ್ಲಿದೆ, ಕೆಳಗೆ ನಡೆಯುವುದೆಲ್ಲ ಆ ಸಂಕಲ್ಪದ ನೆರವೇರಿಕೆ ಎಂಬುದು ಈ ಆರಂಭದ ನಿಲುವು.

ಇದೇ ಬಸವನಗುಡಿಗೆ ಹೊಂದಿದ ಗವಿಪುರದ ಬಡಾವಣೆಯಲ್ಲಿ ಬಹುಕಾಲ ವಾಸವಾಗಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಎರಡು ಐತಿಹಾಸಿಕ ಕಾದಂಬರಿಗಳನ್ನು ಬರೆದರು. ಒಂದು ಬಿದನೂರಿನ ‘ಚೆನ್ನಬಸವನಾಯಕ’, ಮತ್ತೊಂದು ೧೯೫೬ರಲ್ಲಿ ಪ್ರಕಟವಾದ ‘ಚಿಕವೀರ ರಾಜೇಂದ್ರ’. ಎರಡೂ ವೀರಶೈವ ಅರಸುಮನೆತನಗಳ ಅವಸಾನದ ಕಥೆಗಳು. ೧೭೬೩ರಲ್ಲಿ ಹೈದರಾಲಿಯ ಕೈಗೆ ಸಿಕ್ಕಿದ ಕೆಳದಿಯ ರಾಜ್ಯ, ೧೮೩೪ರಲ್ಲಿ ಕುಂಪಣಿ ಸರಕಾರದ ಕೈಗೆ ಸಿಕ್ಕಿದ ಕೊಡಗಿನ ಹಾಲೇರಿ ರಾಜ್ಯ ಇವುಗಳ ಅಂತ್ಯವೇನಾಯಿತೆಂಬುದು ಓದುಗನಿಗೆ ಮೊದಲೇ ತಿಳಿದ ವಿಷಯ. ಮುಂದೇನಾಯಿತೆಂಬ ಕುತೂಹಲವನ್ನು ನೆಚ್ಚಿ ಇಂತಹ ಕಥೆಯನ್ನು ಆರಂಭಿಸುವಂತಿಲ್ಲ. ಇನ್ನು ಕೈಲಾಸದ ಸಭೆಯೂ ಕಾದಂಬರಿಕಾರನಿಗೆ ದಕ್ಕುವುದಿಲ್ಲ. ಹಾಗಾದರೆ ಅವನು ಎಲ್ಲಿಂದ ತೊಡಗಬೇಕು? ಈ ಪ್ರಶ್ನೆ ಕೇವಲ ತಂತ್ರದ ಪ್ರಶ್ನೆಯಂತೆ ತೋರುತ್ತದೆ; ಪರಿಶೀಲಿಸಿದರೆ ಅದರ ಬೇರು ಆಳವಾದುದೆಂದು ಕಂಡುಬರುತ್ತದೆ.

ಕಾದಂಬರಿಯ ಆರಂಭವನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಮಾತೆಂದರೆ ಮೊದಲ ಪುಟ ಓದುಗನನ್ನು ಹಿಡಿದು ನಿಲ್ಲಿಸಬೇಕೆಂಬುದು. ಪ್ರಜಾಮತ, ೧೯೬೫ರಲ್ಲಿ ಆರಂಭವಾದ ಸುಧಾ ಮೊದಲಾದ ವಾರಪತ್ರಿಕೆಗಳಲ್ಲಿ ಕಾದಂಬರಿ ಧಾರಾವಾಹಿಯಾಗಿ ಬರತೊಡಗಿದ ಮೇಲೆ ಈ ಮಾತಿಗೆ ಬಲ ಹೆಚ್ಚಿತು. ಮೊದಲ ಕಂತು ರುಚಿಸದಿದ್ದರೆ ಎರಡನೆಯದನ್ನು ಓದುವವರು ಯಾರು? ಹೀಗಾಗಿ ರೈಲುನಿಲ್ದಾಣದ ಗದ್ದಲ, ಸುರಿಯುವ ಮಳೆ, ಅನಿರೀಕ್ಷಿತವಾಗಿ ಬಂದ ಕಾಗದ ಇವು ಆರಂಭದ ಸಿದ್ಧಸಾಮಗ್ರಿಗಳಾದುವು. ಅವುಗಳಲ್ಲಿ ದೋಷವಿದೆಯೆಂದಲ್ಲ. ಆದರೆ ಅಂತಹ ಮಳೆ ಮೂರನೆಯ ಅಧ್ಯಾಯದ ಹೊತ್ತಿಗೆ ಪೂರ್ತಿ ನಿಂತುಹೋಗಿರುತ್ತದೆ. ಕಥೆಗೂ ಅದಕ್ಕೂ ಸಂಬಂಧವಿತ್ತೆಂಬುದು ಲೇಖಕನಿಗೂ ನೆನಪಿರುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅಭ್ಯಾಸ ಹಳೆಯ ಕಾವ್ಯದ ಪೀಠಿಕೆಯಿಂದ ಬಂದದ್ದು. ಇಷ್ಟದೇವತಾಸ್ತುತಿ, ಗುರುವಂದನೆ, ಪೂರ್ವಕವಿಸ್ಮರಣೆ, ಕುಕವಿನಿಂದೆ, ನಾಡಿನ ಮತ್ತು ನಗರದ ವರ್ಣನೆ ಇವೆಲ್ಲ ಮುಗಿದ ಮೇಲೆ ಕಥೆ. ಕಾಲೇಜಿನ ತರಗತಿಗಳಲ್ಲಿ ವಿದ್ಯಾರ್ಥಿಗಳು ಹಾರಿಸಿಬಿಡುವ ಭಾಗ ಇದೇ. ಆದರೆ ಆ ಕಾಲದ ಕೇಳುಗನಿಗೆ ಅದು ವ್ಯರ್ಥವಾಗಿರಲಿಲ್ಲ. ಕಾವ್ಯವನ್ನು ವಾಚಿಸುವ ಸಭೆಯಲ್ಲಿ ಕುಳಿತವನಿಗೆ ತಾನು ಯಾವ ಪರಂಪರೆಯ ಮಾತನ್ನು ಕೇಳಲಿದ್ದೇನೆ, ಯಾರ ಕಣ್ಣಿನಿಂದ ನೋಡಲಿದ್ದೇನೆ ಎಂಬುದನ್ನು ಪೀಠಿಕಾಸಂಧಿ ತಿಳಿಸುತ್ತಿತ್ತು. ಕಾದಂಬರಿ ಸ್ತುತಿಯನ್ನು ಬಿಟ್ಟಿತು. ಆದರೆ ಪೀಠಿಕೆಯನ್ನು ಬಿಡಲಿಲ್ಲ. ಅದು ವೇಷ ಬದಲಿಸಿಕೊಂಡು ಮನೆತನದ ಮೂರು ತಲೆಮಾರಿನ ವೃತ್ತಾಂತವಾಗಿ, ಊರಿನ ಸ್ಥಳಪುರಾಣವಾಗಿ, ಐತಿಹಾಸಿಕ ಕಾದಂಬರಿಗಳಲ್ಲಿ ಶಾಸನಾಧಾರಗಳ ಸಂಗ್ರಹವಾಗಿ ಮೊದಲ ಅಧ್ಯಾಯವನ್ನು ಆಕ್ರಮಿಸಿತು. ಓದುಗ ತನ್ನಷ್ಟಕ್ಕೆ ಏನನ್ನೂ ಗ್ರಹಿಸಲಾರನೆಂಬ ಶಂಕೆ ಇಂತಹ ಆರಂಭಗಳಲ್ಲಿ ಅಡಗಿದೆ.

ಹಳತು ಹೊಸತುಗಳ ನಡುವೆ ನಿಂತು ಈ ಸಂದಿಗ್ಧವನ್ನೇ ವಸ್ತುವಾಗಿ ಮಾಡಿಕೊಂಡವನು ನಂದಳಿಕೆ ಲಕ್ಷ್ಮೀನಾರಣಪ್ಪ, ಎಂದರೆ ಮುದ್ದಣ. ೧೯೦೧ರಲ್ಲಿ ಅಲ್ಪಾಯುಷ್ಯದಲ್ಲೇ ತೀರಿಕೊಂಡ ಈ ಕವಿಯ ‘ಶ್ರೀರಾಮಾಶ್ವಮೇಧ’ದಲ್ಲಿ ರಾಮನ ಕಥೆಗೆ ಮೊದಲು ಮಳೆಗಾಲದ ಒಂದು ಹೊತ್ತು ಇದೆ, ಕೆಲಸದಿಂದ ಮರಳಿದ ಗಂಡನಿದ್ದಾನೆ, ಕಥೆ ಹೇಳೆಂದು ಕೇಳುವ ಹೆಂಡತಿ ಮನೋರಮೆಯಿದ್ದಾಳೆ. ಯಾವ ಕಥೆ ಬೇಕು, ಪದ್ಯವೋ ಗದ್ಯವೋ ಎಂಬ ಚರ್ಚೆಯೇ ಅಲ್ಲಿ ಆರಂಭ. ಕವಿ ಹಳೆಯ ಗತ್ತಿನಲ್ಲಿ ತೊಡಗಿದರೆ ಕೇಳುಗಳು ತಡೆಯುತ್ತಾಳೆ. ಪೀಠಿಕೆ ಕೇಳುಗನನ್ನು ಸಿದ್ಧಗೊಳಿಸುವ ಸಾಧನವಾಗಿದ್ದುದು ಇಲ್ಲಿ ಕೇಳುಗಳೇ ಪೀಠಿಕೆಯೊಳಗೆ ಬಂದು ಕುಳಿತು ವಾದಿಸುವ ಸ್ಥಿತಿಗೆ ಬಂದಿದೆ. ಕನ್ನಡ ಗದ್ಯಕಥನ ಹೊಸ ದಾರಿ ಹಿಡಿಯುತ್ತಿದ್ದ ಕಾಲಕ್ಕೆ ಇದಕ್ಕಿಂತ ಸಹಜವಾದ ಆರಂಭ ದೊರೆಯುವುದು ಕಷ್ಟ. ಮುಂದಿನವರು ಇದನ್ನು ಅನುಕರಿಸದಿದ್ದುದು ಒಳ್ಳೆಯದೇ ಆಯಿತು. ಅದು ಒಮ್ಮೆ ಮಾತ್ರ ಒಪ್ಪುವ ಉಪಾಯ.

ಆರಂಭದ ಆಯ್ಕೆ ಎಂದರೆ ಕಥೆಯ ಕಾರಣ ಎಲ್ಲಿದೆಯೆಂಬುದನ್ನು ಕುರಿತು ಲೇಖಕ ನೀಡುವ ಮೊದಲ ತೀರ್ಪು. ಕಾಲಕ್ರಮದಲ್ಲಿ ಮೊದಲು ನಡೆದ ಘಟನೆಯೇ ಕಥೆಯ ಆದಿಯಾಗಬೇಕಾಗಿಲ್ಲ; ಅತ್ಯಂತ ರೋಮಾಂಚಕ ಘಟನೆಯೂ ಆಗಬೇಕಾಗಿಲ್ಲ. ಕುವೆಂಪು ಅವರ ಎರಡು ಕಾದಂಬರಿಗಳನ್ನು ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ೧೯೩೬ರ ‘ಕಾನೂರು ಹೆಗ್ಗಡತಿ’ಯಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ ರಾಮಯ್ಯರು ಮಲೆನಾಡಿನ ಊರಿಗೆ ಮರಳುವುದರೊಡನೆ ಕಥೆ ಮೊದಲಾಗುತ್ತದೆ. ಹೊಸ ವಿದ್ಯೆ ಹಳೆಯ ಮನೆಯನ್ನು ಹೊಗುವುದೇ ಅಲ್ಲಿಯ ಸಂಘರ್ಷದ ಕಾರಣ. ಅದೇ ಲೇಖಕರು ೧೯೬೭ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಬರೆದಾಗ ಮೊದಲು ಕಾಣಿಸಿಕೊಳ್ಳುವವನು ಹೊಲೆಯರ ಗುತ್ತಿ, ಅವನ ಜೊತೆಗೆ ಹುಲಿಯನೆಂಬ ನಾಯಿ. ಗೌಡರ ಮನೆಗಳು, ಹೆಗ್ಗಡೆಗಳು, ಪಾದ್ರಿ ಎಲ್ಲರೂ ಈ ಜೀತದಾಳಿನ ಕಾಲುನಡಿಗೆಯ ಹಿಂದೆ ಬರಬೇಕು. ಮೂವತ್ತೊಂದು ವರ್ಷಗಳ ಅಂತರದಲ್ಲಿ ಲೇಖಕರ ಲೋಕದೃಷ್ಟಿ ಎಷ್ಟು ದೂರ ನಡೆದಿತ್ತೆಂಬುದನ್ನು ಯಾವ ವಿಮರ್ಶೆಯ ನೆರವೂ ಇಲ್ಲದೆ ಈ ಎರಡು ಪ್ರವೇಶಗಳು ಹೇಳುತ್ತವೆ. ಮುದುಕ ಹೆಗ್ಗಡೆಯೊಬ್ಬನ ಜಗಲಿಯಿಂದ ‘ಮದುಮಗಳು’ ಆರಂಭವಾಗಿದ್ದರೆ ಕಥೆಯ ಸಂಗತಿಗಳು ಇವೇ ಇರುತ್ತಿದ್ದುವು, ಆದರೆ ಗುತ್ತಿ ತಿಮ್ಮಿಯರ ಪ್ರಣಯ ಉಪಕಥೆಯಾಗಿ ಉಳಿಯುತ್ತಿತ್ತು.

ಅನಂತಮೂರ್ತಿಯವರ ‘ಸಂಸ್ಕಾರ’ ನಾರಣಪ್ಪನ ಸಾವಿನಿಂದ ಆರಂಭವಾಗುತ್ತದೆಂದು ಅನೇಕರು ಹೇಳುತ್ತಾರೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಈ ವಾಕ್ಯ ತಪ್ಪದೆ ಬರುತ್ತದೆ. ಅದು ಪೂರ್ತಿ ಸರಿಯಲ್ಲ. ಚಂದ್ರಿ ಬಂದು ಸಾವಿನ ಸುದ್ದಿ ಹೇಳುವುದಕ್ಕೆ ಮುಂಚೆ ಪ್ರಾಣೇಶಾಚಾರ್ಯರು ರೋಗಿಷ್ಠೆಯಾದ ಹೆಂಡತಿ ಭಾಗೀರಥಿಗೆ ಸ್ನಾನಮಾಡಿಸುತ್ತಾರೆ. ದಿನದಿನವೂ ನಡೆಯುವ ಸೇವೆ ಅದು. ಬೇಕೆಂದೇ ಕೈಹಿಡಿದ ರೋಗಿ ಆಕೆ. ಆ ಸೇವೆಯಲ್ಲೇ ಆಚಾರ್ಯರು ತಮ್ಮ ತಪಸ್ಸಿನ ಸಾರ್ಥಕ್ಯವನ್ನು ಕಂಡಿದ್ದಾರೆ. ಅಗ್ರಹಾರದ ಬಿಕ್ಕಟ್ಟು ಹೆಣದಿಂದ ಬಂದಿರಬಹುದು. ಆದರೆ ಆಚಾರ್ಯರ ಬಿಕ್ಕಟ್ಟಿಗೆ ಬೀಜ ಆ ಸ್ನಾನದ ನೀರಿನಲ್ಲಿದೆ. ಸಾವಿನ ಸುದ್ದಿಯಿಂದಲೇ ಕಾದಂಬರಿ ಆರಂಭವಾಗಿದ್ದಲ್ಲಿ ಅದು ಒಂದು ಧರ್ಮಸೂಕ್ಷ್ಮದ ಸಮಸ್ಯೆಯಾಗಿ, ಶವಸಂಸ್ಕಾರ ಯಾರು ಮಾಡಬೇಕೆಂಬ ವ್ಯವಹಾರವಾಗಿ ಮುಗಿಯುವ ಅಪಾಯವಿತ್ತು.

ಭೈರಪ್ಪನವರು ‘ಗೃಹಭಂಗ’ದಲ್ಲಿ ನಾಯಕಿ ನಂಜಮ್ಮನನ್ನು ಮೊದಲು ತರುವುದಿಲ್ಲ. ವಿಧವೆ ಗಂಗಮ್ಮ, ಆಕೆಯ ಇಬ್ಬರು ಮಕ್ಕಳು, ಆ ಮನೆಯ ಬೈಗುಳ ಇವು ಮೊದಲು. ಸೊಸೆ ಕಾಲಿಡುವ ಮುನ್ನವೇ ಮನೆ ಮುರಿದಿದೆ. ‘ಪರ್ವ’ವಂತೂ ಹಸ್ತಿನಾವತಿಯನ್ನು ಬಿಟ್ಟು ದೂರದ ಮದ್ರದೇಶದಲ್ಲಿ, ಮುದುಕ ಶಲ್ಯನ ಮನೆಯಲ್ಲಿ, ಮದುವೆಯ ವಯಸ್ಸು ಮೀರುತ್ತಿರುವ ಮೊಮ್ಮಗಳ ಚಿಂತೆಯಲ್ಲಿ ಆರಂಭವಾಗುತ್ತದೆ. ಕನ್ಯಾಶುಲ್ಕ, ವಂಶ, ಮದುವೆಯ ರೀತಿನೀತಿ ಇವುಗಳಲ್ಲಿ ಮಹಾಯುದ್ಧದ ಬೇರನ್ನು ಹುಡುಕುವ ಕೃತಿಗೆ ಈ ಅಂಚಿನ ಪ್ರವೇಶ ಯುಕ್ತವಾಗಿದೆ.

ಇನ್ನು ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ೧೯೮೩ರ ಜ್ಞಾನಪೀಠ ಪ್ರಶಸ್ತಿಯ ಸಂದರ್ಭದಲ್ಲಿ ನಾಡೆಲ್ಲ ಕೊಂಡಾಡಿದ ಈ ಕೃತಿಯ ಬಗ್ಗೆ ವೀರಶೈವ ಓದುಗನ ಮನಸ್ಸಿನಲ್ಲಿ ಕಸಿವಿಸಿ ಇರುವುದು ಸಹಜ. ಲಿಂಗವಂತ ಅರಸನೊಬ್ಬ ಕುಡುಕನಾಗಿ, ಸ್ತ್ರೀಲೋಲನಾಗಿ, ಒಡಹುಟ್ಟಿದ ತಂಗಿಯನ್ನೇ ಸೆರೆಯಲ್ಲಿಟ್ಟವನಾಗಿ ಪುಟಪುಟದಲ್ಲಿ ಕಾಣುತ್ತಾನೆ. ಆದುದರಿಂದ ಈ ಕಥೆ ಎಲ್ಲಿ ಆರಂಭವಾಗಬೇಕಿತ್ತೆಂಬ ಪ್ರಶ್ನೆ ಆ ಅರಸನಿಗೆ ಸಲ್ಲಬೇಕಾದ ನ್ಯಾಯದ ಪ್ರಶ್ನೆಯೂ ಹೌದು.

ಚರಿತ್ರೆ ಲೇಖಕರ ಮುಂದೆ ಮೂರು ಆರಂಭಗಳನ್ನು ಇಟ್ಟಿತ್ತು. ಗಂಡುಸಂತಾನವಿಲ್ಲದ ದೊಡ್ಡ ವೀರರಾಜೇಂದ್ರ ಮಗಳು ದೇವಮ್ಮಾಜಿಗೆ ಪಟ್ಟವಾಗಬೇಕೆಂದು ಬಯಸಿ ೧೮೦೯ರಲ್ಲಿ ತೀರಿಕೊಂಡ. ಅವನ ತಮ್ಮ ಲಿಂಗರಾಜ ಆ ಏರ್ಪಾಟನ್ನು ಬದಿಗೊತ್ತಿ ೧೮೧೧ರಲ್ಲಿ ತಾನೇ ಅರಸನಾದ. ಅನ್ಯಾಯದ ಮೂಲ ಇಲ್ಲಿದೆಯೆನ್ನುವವನಿಗೆ ಇದು ಒಂದು ಆರಂಭ. ೧೮೨೦ರಲ್ಲಿ ಲಿಂಗರಾಜ ತೀರಿಕೊಂಡು, ಇಪ್ಪತ್ತರ ಆಸುಪಾಸಿನ ಚಿಕವೀರರಾಜ ಪಟ್ಟವೇರಿದ್ದು ಎರಡನೆಯದು. ತಾರುಣ್ಯದಲ್ಲಿ ಕೈಗೆ ಬಂದ ಅಧಿಕಾರ ಮನುಷ್ಯನನ್ನು ಹೇಗೆ ಕೆಡಿಸಿತೆಂದು ತೋರಿಸಬೇಕಾದರೆ ಇದಕ್ಕಿಂತ ಅನುಕೂಲವಾದುದಿಲ್ಲ. ಮೂರನೆಯದು ಪತನಕ್ಕೆ ಹತ್ತಿರದ ಕಡೆಯ ದಿನಗಳು. ಮಾಸ್ತಿಯವರು ಕಡೆಯದನ್ನು ಆರಿಸಿಕೊಂಡರು. ಕಾದಂಬರಿಯನ್ನು ಹೊಕ್ಕ ಓದುಗನಿಗೆ ಎದುರಾಗುವುದು ಕೆಟ್ಟುಹೋಗುತ್ತಿರುವ ಅರಸನಲ್ಲ, ಕೆಟ್ಟು ಮುಗಿದ ಅರಸ. ಅವನ ಬಲಗೈ ಕುಂಟ ಬಸವ. ದಾರಿಗೆ ತರಲು ಹೆಣಗುವ ರಾಣಿ ಗೌರಮ್ಮಾಜಿ. ನಿಷ್ಠೆಗೂ ನಾಡಿನ ಹಿತಕ್ಕೂ ನಡುವೆ ಸಿಕ್ಕಿದ ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ.

ಈ ಆಯ್ಕೆಯಿಂದ ಮೊದಲ ಭಾಗಕ್ಕೆ ಭಾರ ಬಂದಿದೆಯೆಂಬುದನ್ನು ಒಪ್ಪಬೇಕು. ಅರಮನೆ, ಮಂತ್ರಿಮನೆಗಳು, ಕೊಡಗಿನ ತಕ್ಕರು, ಬಿಳಿಯರ ಅಧಿಕಾರಿಗಳು ಎಂದು ಪರಿಚಯಿಸಬೇಕಾದವರ ಸಂಖ್ಯೆ ಸಣ್ಣದಲ್ಲ. ಸಂಭಾಷಣೆಗಳು ಸಾವಧಾನವಾಗಿ ನಡೆಯುತ್ತವೆ. ಸಣ್ಣಕಥೆಯಲ್ಲಿ ಮಾಸ್ತಿಯವರು ತೋರುವ ಮಿತವ್ಯಯ ಇಲ್ಲಿ ಕಾಣುವುದಿಲ್ಲ. ತಾಳ್ಮೆ ಕಡಿಮೆಯಿರುವ ವಿದ್ಯಾರ್ಥಿ ಇಲ್ಲೇ ಪುಸ್ತಕವನ್ನು ಕೆಳಗಿಟ್ಟರೆ ಅವನನ್ನು ಬಹಳವಾಗಿ ದೂರಲಾಗದು.

ಆದರೆ ಮುಂದುವರಿದವನಿಗೆ ಲೇಖಕರ ಉದ್ದೇಶ ತಿಳಿಯುತ್ತದೆ. ಕಥೆ ಬಹು ದೂರ ಸಾಗಿದ ಮೇಲೆ, ಮಲೆಯಾಳದ ಕಡೆಯಿಂದ ಬಂದ ಭಗವತಿಯೆಂಬ ಹೆಂಗಸಿನ ಮೂಲಕ, ಲಿಂಗರಾಜನ ಕಾಲದ ಗುಟ್ಟು ಹೊರಬೀಳುತ್ತದೆ. ಅರಮನೆಯ ನಾಯಿಗಳ ನಡುವೆ ಬೆಳೆದ ಕುಂಟ ಬಸವ ಲಿಂಗರಾಜನಿಗೆ ಆಕೆಯಲ್ಲಿ ಹುಟ್ಟಿದ ಮಗ. ಅಂದರೆ ಅರಸನೂ ಅವನ ದುಷ್ಕೃತ್ಯಗಳ ಸಾಧನವಾದ ಆಳೂ ಅಣ್ಣತಮ್ಮಂದಿರು. ಕಥೆಯ ನಿಜವಾದ ಆದಿಯನ್ನು ಮಾಸ್ತಿಯವರು ಆರಂಭದಿಂದ ಕಿತ್ತು ಅಂತ್ಯದ ಸಮೀಪದಲ್ಲಿ ನಟ್ಟಿದ್ದಾರೆ. ಕಾಲಕ್ರಮದಂತೆ ಲಿಂಗರಾಜನಿಂದ ತೊಡಗಿದ್ದರೆ ಮಗನ ಮೇಲೆ ಮೊದಲ ಪುಟದಿಂದಲೇ ಕನಿಕರ ಹುಟ್ಟಿ ಅವನ ಅಪರಾಧಗಳೆಲ್ಲ ತಂದೆಯ ಲೆಕ್ಕಕ್ಕೆ ಹೋಗುತ್ತಿದ್ದುವು. ಈಗಿನ ರಚನೆಯಲ್ಲಿ ಓದುಗ ಮೊದಲು ಅರಸನನ್ನು ಖಂಡಿಸಿ, ಕೊಡಗಿನ ಜನರಂತೆ ಬೇಸತ್ತು, ಇವನು ತೊಲಗಿದರೆ ಸಾಕೆನ್ನುವ ಮಟ್ಟಕ್ಕೆ ಬಂದ ಮೇಲೆ ತನ್ನ ತೀರ್ಪನ್ನು ತಾನೇ ಮತ್ತೊಮ್ಮೆ ತೂಗಿನೋಡಬೇಕಾಗುತ್ತದೆ. ತೀರ್ಪು ರದ್ದಾಗುವುದಿಲ್ಲ, ಆದರೆ ಮೊದಲಿದ್ದಷ್ಟು ಸಲೀಸಾಗಿಯೂ ಉಳಿಯುವುದಿಲ್ಲ. ದುಷ್ಟನೆಂದು ಕುಂಪಣಿ ಸರಕಾರ ಸಾರಿದ ದೊರೆ, ರಾಜ್ಯಭ್ರಷ್ಟನಾಗಿ ಕಾಶಿಯಲ್ಲಿದ್ದು, ೧೮೫೨ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ೧೮೫೯ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡುದು ಚರಿತ್ರೆ. ಅವನ ಪೂರ್ವಿಕರ ಗದ್ದಿಗೆಗಳು ಮಡಿಕೇರಿಯಲ್ಲಿವೆ, ಅವನದಿಲ್ಲ. ಇಂತಹ ಮನುಷ್ಯನಿಗೆ ಕನಿಕರ ತಡವಾಗಿ ದೊರೆಯಬೇಕೆಂಬುದೇ ಮಾಸ್ತಿಯವರ ನಿರ್ಣಯ. ವೀರಶೈವ ಓದುಗನ ಕಸಿವಿಸಿಗೆ ಸಮಾಧಾನವಿದ್ದರೆ ಅದು ಇಲ್ಲಿ, ಆರಂಭವನ್ನು ಮರೆಮಾಡಿದ ಈ ಕ್ರಮದಲ್ಲಿದೆ.

ಬಸವಾದಿ ಶರಣರ ಜೀವನವನ್ನು ಕಾದಂಬರಿಗೆ ಒಗ್ಗಿಸುವವರಿಗೆ ಈ ಸಮಸ್ಯೆ ಇನ್ನೂ ತೀವ್ರವಾದುದು. ಇಲ್ಲಿ ಓದುಗ ಕಥೆಯನ್ನು ಬಲ್ಲವನಷ್ಟೇ ಅಲ್ಲ, ಅದನ್ನು ಪೂಜಿಸುವವನು. ಬೆಂಗಳೂರಿನ ಪತ್ರಿಕಾಕರ್ತರೂ ನಾಟಕಕಾರರೂ ಆಗಿದ್ದ ಬಿ. ಪುಟ್ಟಸ್ವಾಮಯ್ಯನವರು ಕಲ್ಯಾಣದ ಕಥೆಯನ್ನು ಆರು ಕಾದಂಬರಿಗಳ ಮಾಲೆಯಾಗಿ ಬರೆದರು. ‘ಕ್ರಾಂತಿಕಲ್ಯಾಣ’ಕ್ಕೆ ೧೯೬೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಗುಬ್ಬಿ ಕಂಪನಿಗೆ ‘ಕುರುಕ್ಷೇತ್ರ’ದಂತಹ ನಾಟಕ ಬರೆದ ಕೈ ಅದು; ತೆರೆ ಎಲ್ಲಿ ಏಳಬೇಕೆಂಬುದರ ಅರಿವು ಅವರಿಗೆ ಬೇಕಾದಷ್ಟಿತ್ತು. ಕಥೆಯನ್ನು ಆರು ಕಡೆ ಒಡೆಯುವುದೆಂದರೆ ಆರು ಸಲ ಆರಂಭಿಸುವ ಹೊಣೆ ಹೊರುವುದು. ಅಂತಹ ವಿಸ್ತಾರದಲ್ಲಿ ಕಲ್ಯಾಣದ ದುರಂತಕ್ಕೆ ಕಾರಣ ಒಂದೇ ಕಡೆ ಇಲ್ಲವೆಂಬ ಒಪ್ಪಿಗೆ ಅಡಗಿದೆಯೆಂದು ಹೇಳಬಹುದು.

ಒಂದೇ ಸಂಪುಟದಲ್ಲಿ ಬಸವಣ್ಣನ ಕಥೆ ಹೇಳುವವನಿಗೆ ಆ ಸೌಕರ್ಯವಿಲ್ಲ. ಎಂಟರ ಬಾಲಕ ಉಪನಯನವನ್ನು ನಿರಾಕರಿಸಿದ ಪುರಾಣಪ್ರಸಂಗದಿಂದ ಆರಂಭಿಸಿದರೆ ಕಥೆ ಕರ್ಮಠತನದ ವಿರುದ್ಧದ ಬಂಡಾಯವಾಗುತ್ತದೆ. ಕೂಡಲಸಂಗಮದಿಂದ ಆರಂಭಿಸಿದರೆ ಸಾಧಕನ ಕಥೆ. ಬಿಜ್ಜಳನ ಭಂಡಾರದಿಂದ ಆರಂಭಿಸಿದರೆ ರಾಜಕಾರಣ. ಹರಳಯ್ಯ ಮಧುವಯ್ಯರ ಮಕ್ಕಳ ಮದುವೆಯಿಂದ ಆರಂಭಿಸಿದರೆ ಬಸವಣ್ಣನೇ ಹಿಂದೆ ಸರಿದು ಕಲ್ಯಾಣದ ಪಟ್ಟಣ ನಾಯಕನಾಗುತ್ತದೆ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಯಾವುದನ್ನು ಆರಿಸಿದರೂ ಉಳಿದ ಮೂರು ಅದಕ್ಕೆ ಅಧೀನವಾಗುತ್ತವೆ. ಉಪನಯನದ ಪ್ರಸಂಗವನ್ನು ಸಲೀಸಾದ ನಾಟಕೀಯತೆಗಾಗಿ ಮೊದಲು ಇಟ್ಟು, ಮುಂದೆ ಇಡೀ ಕೃತಿಯನ್ನು ದಾಸೋಹದ ಮಹಿಮೆಗೆ ಮೀಸಲಿಡುವ ಲೇಖಕ ತನ್ನ ಆರಂಭವನ್ನು ತಾನೇ ಮರೆತವನು. ಭಕ್ತ ಓದುಗ ಭಕ್ತಿಯಿಂದ ಅದನ್ನು ಕ್ಷಮಿಸುತ್ತಾನೆ; ಸಾಹಿತ್ಯದ ವಿದ್ಯಾರ್ಥಿ ಕ್ಷಮಿಸಬಾರದು.

ಈ ಬಗೆಯ ಲೇಖಕರು ಭೀಮಕವಿಗಿಂತ ಹಿಂದಿನ ಹರಿಹರನ ‘ಬಸವರಾಜದೇವರ ರಗಳೆ’ಯನ್ನು ಮತ್ತೊಮ್ಮೆ ಓದುವುದು ಒಳಿತು. ಅದರ ಆರಂಭವೂ ಕೈಲಾಸದಲ್ಲೇ; ಆದರೆ ಲೋಕೋದ್ಧಾರದ ಘೋಷಣೆ ಅಲ್ಲಿ ಮೊದಲಿಲ್ಲ. ಶಿವನು ಪ್ರಸಾದದ ಹೂಗಳನ್ನು ವೃಷಭಮುಖನೆಂಬ ಗಣನ ಕೈಗೆ ಕೊಟ್ಟು ಎಲ್ಲರಿಗೂ ಹಂಚೆನ್ನುತ್ತಾನೆ. ಹಂಚುವಾಗ ಕುಮಾರಸ್ವಾಮಿಗೆ ತಪ್ಪಿಹೋಗುತ್ತದೆ. ಎಲ್ಲರಿಗೂ ಕೊಟ್ಟೆನೆಂದು ವೃಷಭಮುಖ ಹೇಳುತ್ತಾನೆ. ಆ ಮಾತಿಗಾಗಿ ಅವನು ಮರ್ತ್ಯದಲ್ಲಿ ಹುಟ್ಟಬೇಕಾಗುತ್ತದೆ. ಭೀಮಕವಿಯ ನಂದಿ ಕಾರ್ಯಭಾರ ಹೊತ್ತು ಇಳಿದುಬಂದವನು, ಹರಿಹರನ ವೃಷಭಮುಖ ಹಂಚಿಕೆಯಲ್ಲಿ ಒಬ್ಬನನ್ನು ಬಿಟ್ಟವನು. ಪವಾಡಗಳು ತುಂಬಿದ ಈ ರಗಳೆಯಲ್ಲಿ ಈ ಸಣ್ಣ ಲೋಪ ಕ್ಷುಲ್ಲಕವೆಂದು ತೋರಬಹುದು. ಆದರೆ ಮುಂದಿನ ಕಥೆಯನ್ನು ಗಮನಿಸಬೇಕು. ಮಂಗಳವಾಡದಲ್ಲಿ ಭಂಡಾರಿಯಾದ ಬಸವಣ್ಣ ಬಂದ ಶರಣರಿಗೆಲ್ಲ ನೀಡುತ್ತಾನೆ. ಕೇಳಿದವನಿಗೆ ಕೇಳಿದ್ದನ್ನು ಕೊಡುತ್ತಾನೆ. ಶಿವಭಕ್ತನ ವೇಷ ಧರಿಸಿ ಬಂದವನು ಕಳ್ಳನೋ ಸಾಚನೋ ಎಂದು ವಿಚಾರಿಸುವುದಿಲ್ಲ. ಒಬ್ಬನೂ ತಪ್ಪಿಹೋಗದಂತೆ ಹಂಚುವುದೇ ಅವನ ಬಾಳಾಗುತ್ತದೆ. ಕೈಲಾಸದ ಸಭೆಯಲ್ಲಿ ಒಂದು ಹೂವು ಸಲ್ಲದೆ ಉಳಿದದ್ದನ್ನು ಕೇಳುಗ ಅಷ್ಟು ಹೊತ್ತಿಗೆ ಮರೆತಿರುತ್ತಾನೆ. ರಗಳೆಯ ಗತಿ ಮಾತ್ರ ಅದನ್ನು ಮರೆಯುವುದಿಲ್ಲ; ಪ್ರತಿಯೊಂದು ದಾಸೋಹದ ಪ್ರಸಂಗದಲ್ಲಿಯೂ ಕವಿ ಲೆಕ್ಕವಿಟ್ಟವನಂತೆ ಬಂದವರನ್ನೂ ಪಡೆದವರನ್ನೂ ಹೇಳುತ್ತ ಹೋಗುತ್ತಾನೆ.